ರೀಮೇಕ್ ಎಂಬ ಜಾಮೀನು

2004ರಲ್ಲಿ ತೆರೆಕಂಡ ‘ಆಪ್ತಮಿತ್ರ’ವನ್ನು ನೋಡಿದವರು ನಾಗವಲ್ಲಿಯನ್ನು ಮರೆತಿರಲಾರರು. ಸೌಂದರ್ಯ ಅಭಿನಯಿಸಿದ ಗಂಗಾ ಎಂಬ ಗೃಹಿಣಿಯ ಮೈಮೇಲೆ ಎಂದೋ ಸತ್ತುಹೋದ ನರ್ತಕಿಯೊಬ್ಬಳು ಬಂದಂತಾಗುವ ಹೊತ್ತಿಗೆ, ಅಲ್ಲಿಯವರೆಗೆ ಕನ್ನಡ ಮಾತನಾಡುತ್ತಿದ್ದವಳ ಬಾಯಲ್ಲಿ ತೆಲುಗು ಬರತೊಡಗುತ್ತದೆ. ‘ರಾ ರಾ’ ಎಂದು ಕರೆಯುವ ಹಾಡೂ ತೆಲುಗಿನದೇ. ಈ ಕಥೆಯ ಮೂಲವಾದ, ಫಾಸಿಲ್ ನಿರ್ದೇಶನದ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ನಲ್ಲಿ ಅದೇ ನರ್ತಕಿ ತಮಿಳಿನಲ್ಲಿ ಮಾತನಾಡುತ್ತಾಳೆ. 2007ರ ಹಿಂದಿ ಆವೃತ್ತಿಯಲ್ಲಿ ಅವಳು ಬಂಗಾಳಿ ಮಾತನಾಡುತ್ತಾಳೆ. ಮನೆಯವರಿಗೆ ಅರ್ಧ ಅರ್ಥವಾಗಿ ಅರ್ಧ ಅರ್ಥವಾಗದ, ಪಕ್ಕದ ಸೀಮೆಯ ಭಾಷೆಯೊಂದು ಆ ಜಾಗಕ್ಕೆ ಬೇಕು. ಭಾಷೆ ಯಾವುದೆಂಬುದು ಊರಿನಿಂದ ಊರಿಗೆ ಬದಲಾಗುತ್ತದೆ, ಜಾಗ ಮಾತ್ರ ಹಾಗೆಯೇ ಉಳಿಯುತ್ತದೆ. ಹದಿನಾಲ್ಕು ವರ್ಷಗಳ ಅಂತರದಲ್ಲಿ ಒಂದೇ ಕಥೆಯ ಮೇಲೆ ಮಲಯಾಳಂ, ಕನ್ನಡ, ತಮಿಳು, ಹಿಂದಿ, ಈ ನಾಲ್ಕು ಭಾಷೆಗಳ ನಿರ್ಮಾಪಕರು ದುಡ್ಡು ಹೂಡಿದರು, ನಾಲ್ಕು ಕಡೆಯೂ ಅದು ಗೆದ್ದಿತು.

ಸ್ವಂತ ಕಥೆ ಇರುವಾಗ ಚಿತ್ರರಂಗ ಬೇರೆಯವರ ಕಥೆಯನ್ನು ಯಾಕೆ ಕೊಂಡು ತರುತ್ತದೆ ಎಂದು ಕೇಳಿದರೆ, ನಮ್ಮಲ್ಲಿ ಥಟ್ಟನೆ ಬರುವ ಉತ್ತರ ‘ಕಥೆಗೆ ಬರ’ ಎಂಬುದು. ಈ ಉತ್ತರ ನನಗೆ ಎಂದೂ ಸರಿಯೆನಿಸಿಲ್ಲ. ಕಾದಂಬರಿಗಳಿಗೆ, ಸಣ್ಣಕತೆಗಳಿಗೆ, ಜಾನಪದಕ್ಕೆ, ನಾಟಕಗಳಿಗೆ ಕೊರತೆಯಿಲ್ಲದ ಭಾಷೆಯೊಂದರಲ್ಲಿ ಕಥೆಗೆ ಬರ ಬರುವುದು ಸಾಧ್ಯವಿಲ್ಲ. ಬರವಿರುವುದು ನಂಬಿಕೆಗೆ. ಇನ್ನೂ ತೆರೆಗೆ ಬಾರದ ಕಥೆಯನ್ನು ನಂಬಿ ಕೋಟಿಗಟ್ಟಲೆ ಹಣ ಹಾಕುವವರು ಸಿಗುವುದಿಲ್ಲ. ಇದನ್ನು ಅರ್ಥಮಾಡಿಕೊಳ್ಳಬೇಕಾದರೆ ಒಂದು ಸಿನಿಮಾಕ್ಕೆ ಹಣ ಹೇಗೆ ಕೂಡಿಬರುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕನ್ನಡ ಚಿತ್ರೋದ್ಯಮದ ಕೇಂದ್ರವಾದ ಬೆಂಗಳೂರಿನ ಗಾಂಧಿನಗರದಲ್ಲಿ ಚಿತ್ರ ಮಾಡುವ ನಿರ್ಮಾಪಕ ಪೂರ್ತಿ ಹಣವನ್ನು ತನ್ನ ಜೇಬಿನಿಂದ ಹಾಕುವುದು ಅಪರೂಪ. ಒಂದಷ್ಟು ಫೈನಾನ್ಷಿಯರ್‌ನಿಂದ ಬಡ್ಡಿಗೆ ಬರುತ್ತದೆ. ಒಂದಷ್ಟು ಹಂಚಿಕೆದಾರರಿಂದ ಮುಂಗಡವಾಗಿ ಬರುತ್ತದೆ. ಬೆಂಗಳೂರು, ಕೋಲಾರ, ತುಮಕೂರು ಸೇರಿದ ಬಿಕೆಟಿ ಪ್ರದೇಶಕ್ಕೆ ಒಬ್ಬರು, ಮೈಸೂರು ಮಂಡ್ಯದ ಕಡೆಗೆ ಇನ್ನೊಬ್ಬರು, ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಮತ್ತೊಬ್ಬರು ಎಂದು ವ್ಯಾಪಾರ ಹಂಚಿಹೋಗಿರುತ್ತದೆ. ಆಡಿಯೊ ಹಕ್ಕು, ಟಿ.ವಿ. ವಾಹಿನಿಯ ಸ್ಯಾಟಲೈಟ್ ಹಕ್ಕು, ಈಚೆಗೆ ಒಟಿಟಿ ಹಕ್ಕು, ಇವು ಉಳಿದ ಭಾಗವನ್ನು ತುಂಬುತ್ತವೆ. ಈ ಎಲ್ಲರಿಗೂ ಸಾಮಾನ್ಯವಾದ ಒಂದು ಸಂಗತಿಯಿದೆ: ಇವರು ಹಣ ಕೊಡುವ ಅಥವಾ ಕೊಡುತ್ತೇನೆಂದು ಮಾತು ಕೊಡುವ ಹೊತ್ತಿಗೆ ಚಿತ್ರ ಇನ್ನೂ ಇರುವುದೇ ಇಲ್ಲ. ಇರುವುದು ನಿರ್ದೇಶಕನ ಬಾಯಲ್ಲಿರುವ ಒಂದು ಎಳೆ.

ಬಾಯಲ್ಲಿ ಹೇಳಿದ ಕಥೆಯ ತೊಡಕು ಏನೆಂದರೆ ಅದನ್ನು ಕೇಳಿದ ಐದು ಮಂದಿ ಐದು ಬೇರೆ ಬೇರೆ ಸಿನಿಮಾಗಳನ್ನು ಮನಸ್ಸಿನಲ್ಲಿ ನೋಡುತ್ತಾರೆ. ‘ಕೇಬಲ್ ಟಿ.ವಿ. ನಡೆಸುವ, ಸಿನಿಮಾ ಹುಚ್ಚಿನ ಮನುಷ್ಯನೊಬ್ಬ ತನ್ನ ಕುಟುಂಬದಿಂದ ನಡೆದುಹೋದ ಒಂದು ಕೊಲೆಯನ್ನು ಮುಚ್ಚಿಡುತ್ತಾನೆ’ ಎಂದು ಒಬ್ಬ ಹೊಸ ನಿರ್ದೇಶಕ ಬಂದು ಹೇಳಿದರೆ, ಹಂಚಿಕೆದಾರನಿಗೆ ಅದರಲ್ಲಿ ಹಾಡು ಎಲ್ಲಿ, ಫೈಟು ಎಲ್ಲಿ, ಹೆಂಗಸರು ಬರುತ್ತಾರೆಯೇ ಎಂಬ ಚಿಂತೆ ಹತ್ತುತ್ತದೆ. ನಾಯಕನಟನಿಗೆ ಪೊಲೀಸರ ಕೈಯಲ್ಲಿ ಏಟು ತಿನ್ನುವ ಪಾತ್ರವನ್ನು ಅಭಿಮಾನಿಗಳು ಒಪ್ಪುವರೇ ಎಂಬ ಭಯವಾಗುತ್ತದೆ. ಅದೇ ಕಥೆ ಜೀತು ಜೋಸೆಫ್ ನಿರ್ದೇಶನದ ‘ದೃಶ್ಯಂ’ ಆಗಿ 2013ರ ಡಿಸೆಂಬರಿನಲ್ಲಿ ಮಲಯಾಳಂನಲ್ಲಿ ಬಂದು ಗೆದ್ದ ಮೇಲೆ ಯಾರಿಗೂ ಏನನ್ನೂ ಹೇಳಬೇಕಾದ್ದಿಲ್ಲ. ಒಂದು ಡಿ.ವಿ.ಡಿ. ಹಾಕಿ ಕೂರಿಸಿದರೆ ಸಾಕು. ಪೊಲೀಸರ ಏಟು ತಿಂದವನು ಮೋಹನ್‌ಲಾಲ್ ಎಂಬುದೇ ನಾಯಕನಟನ ಭಯಕ್ಕೆ ಮದ್ದು, ಕೇರಳದ ಚಿತ್ರಮಂದಿರಗಳಲ್ಲಿ ಕೂಡಿಬಿದ್ದ ಹಣವೇ ಹಂಚಿಕೆದಾರನ ಪ್ರಶ್ನೆಗೆ ಉತ್ತರ. ಆರೇ ತಿಂಗಳಲ್ಲಿ ರವಿಚಂದ್ರನ್ ಅಭಿನಯದ ಕನ್ನಡದ ‘ದೃಶ್ಯ’ ಬಂದಿತು, ಅದರ ಬೆನ್ನಿಗೇ ತೆಲುಗಿನದು, ಮರುವರ್ಷ ತಮಿಳು ಮತ್ತು ಹಿಂದಿ. 2019ರಲ್ಲಿ ಚೀನಾದಲ್ಲಿಯೂ ಅದರ ರೀಮೇಕ್ ತೆರೆಕಂಡಿತು.

ಸಾಲ ಕೇಳುವವನಿಗೆ ಜಾಮೀನು ಬೇಕಾಗುವ ಹಾಗೆ ಸಿನಿಮಾ ಮಾಡುವವನಿಗೆ ಒಂದು ಪುರಾವೆ ಬೇಕಾಗುತ್ತದೆ. ರೀಮೇಕ್ ಹಕ್ಕಿನ ಹೆಸರಿನಲ್ಲಿ ನಿರ್ಮಾಪಕ ಕೊಳ್ಳುವುದು ಮುಖ್ಯವಾಗಿ ಆ ಪುರಾವೆಯನ್ನು. ಕಥೆ ಅದರ ಜೊತೆಗೆ ಬರುತ್ತದೆ.

ಇನ್ನು ಉಳಿತಾಯದ ಲೆಕ್ಕ. ಕನ್ನಡದಲ್ಲಿ ಚಿತ್ರಕಥೆ ಪೂರ್ತಿ ಬರೆದು ಮುಗಿಯುವ ಮೊದಲೇ ಮುಹೂರ್ತ ನಡೆದುಹೋಗುವುದು ಹೊಸತಲ್ಲ. ಅಂಥ ಚಿತ್ರಗಳಲ್ಲಿ ಸೆಟ್ಟಿಗೆ ಬಂದ ಮೇಲೆ ದೃಶ್ಯ ಬದಲಾಗುತ್ತದೆ, ಕಲಾವಿದರ ಕಾಲ್‌ಶೀಟ್ ಮುಗಿಯುತ್ತದೆ, ಶೂಟಿಂಗ್ ನಿಲ್ಲುತ್ತದೆ, ಬಡ್ಡಿ ಮಾತ್ರ ನಿಲ್ಲದೆ ಓಡುತ್ತಿರುತ್ತದೆ. ರೀಮೇಕ್‌ನಲ್ಲಿ ಈ ಗೊಂದಲಕ್ಕೆ ಅವಕಾಶ ಕಡಿಮೆ. ಎಷ್ಟು ದೃಶ್ಯಗಳಿವೆ, ಎಷ್ಟು ರಾತ್ರಿ ಶೂಟಿಂಗ್ ಬೇಕು, ಮಳೆಯ ದೃಶ್ಯ ಎಲ್ಲಿದೆ, ಯಾವ ಪಾತ್ರಕ್ಕೆ ಎಷ್ಟು ದಿನ ಬೇಕು ಎಂಬುದೆಲ್ಲ ಕಣ್ಣ ಮುಂದೆಯೇ ಇರುತ್ತದೆ. ಅದಕ್ಕಿಂತ ದೊಡ್ಡ ಉಳಿತಾಯ ಸಂಕಲನದ್ದು. ಸ್ವಂತ ಕಥೆಯ ಚಿತ್ರದಲ್ಲಿ ಹತ್ತಾರು ದೃಶ್ಯಗಳನ್ನು ಚಿತ್ರೀಕರಿಸಿ, ಕೊನೆಗೆ ಎಡಿಟಿಂಗ್ ಟೇಬಲ್ ಮೇಲೆ ಅವು ಬೇಡವೆಂದು ಗೊತ್ತಾಗಿ ಕತ್ತರಿಸುತ್ತಾರೆ. ಆ ದೃಶ್ಯಗಳಿಗೆ ಸುರಿದ ಹಣ ಮರಳಿ ಬರುವುದಿಲ್ಲ. ರೀಮೇಕ್ ಮಾಡುವವನಿಗೆ ಆ ಕತ್ತರಿ ಪ್ರಯೋಗವನ್ನು ಬೇರೆ ಯಾರೋ, ಬೇರೆ ಯಾರದೋ ಖರ್ಚಿನಲ್ಲಿ ಮಾಡಿ ಮುಗಿಸಿರುತ್ತಾರೆ. ಸೆಟ್ಟಿನಲ್ಲಿ ಮಾನಿಟರ್ ಪಕ್ಕದಲ್ಲೇ ಮೂಲ ಚಿತ್ರವನ್ನು ಓಡಿಸಿ, ನಿಲ್ಲಿಸಿ, ಕ್ಯಾಮೆರಾ ಎಲ್ಲಿಟ್ಟಿದ್ದಾರೆ ಎಂದು ನೋಡಿಕೊಂಡು ಶಾಟ್ ತೆಗೆಯುವ ಪದ್ಧತಿ ಬೆಳೆದದ್ದು ಇದರಿಂದಲೇ.

ಹೊಣೆಗಾರಿಕೆಯ ಪ್ರಶ್ನೆಯೂ ಇದರೊಂದಿಗೆ ಸೇರಿಕೊಂಡಿದೆ, ಅದರ ಬಗ್ಗೆ ಯಾರೂ ಬಾಯಿಬಿಟ್ಟು ಮಾತನಾಡುವುದಿಲ್ಲ. ಸ್ವಂತ ಕಥೆ ಸೋತರೆ ಅದನ್ನು ಒಪ್ಪಿದವನ ಕಡೆಗೆ ಎಲ್ಲರ ಬೆರಳೂ ತಿರುಗುತ್ತದೆ. ರೀಮೇಕ್ ಸೋತರೆ ‘ಅಲ್ಲಿ ನೂರು ದಿನ ಓಡಿದ ಸಿನಿಮಾ, ಇಲ್ಲಿ ಯಾಕೋ ಕೈಹಿಡಿಯಲಿಲ್ಲ’ ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋಗಬಹುದು. ದೊಡ್ಡ ಕಂಪನಿಗಳಲ್ಲಿ ಸಂಬಳಕ್ಕೆ ಕುಳಿತು ಚಿತ್ರಗಳನ್ನು ಆಯ್ಕೆಮಾಡುವ ಅಧಿಕಾರಿಗಳಿಗೆ ಈ ರಕ್ಷಣೆ ಇನ್ನೂ ಮುಖ್ಯ, ಏಕೆಂದರೆ ಅವರು ಕಳೆದುಕೊಳ್ಳಬಹುದಾದದ್ದು ಹಣವನ್ನಲ್ಲ, ಕೆಲಸವನ್ನು.

ಇಷ್ಟಾದರೂ ಹಾಲಿವುಡ್ಡಿನ ರೀಮೇಕ್‌ಗೂ ಗಾಂಧಿನಗರದ ರೀಮೇಕ್‌ಗೂ ನಡುವೆ ಒಂದು ಮೂಲಭೂತ ವ್ಯತ್ಯಾಸವಿದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಅದನ್ನು ಗಮನಿಸುವುದಿಲ್ಲ. ಡಿಸ್ನಿ ಸಂಸ್ಥೆ 1994ರ ‘ದಿ ಲಯನ್ ಕಿಂಗ್’ ಚಿತ್ರವನ್ನು 2019ರಲ್ಲಿ ಮತ್ತೆ ತಯಾರಿಸಿದಾಗ ಅದು ನೆಚ್ಚಿಕೊಂಡದ್ದು ಮೂಲವನ್ನು ನೋಡಿದ್ದ ಪ್ರೇಕ್ಷಕರನ್ನು. ಬಾಲ್ಯದಲ್ಲಿ ಅದನ್ನು ನೋಡಿ ಕಣ್ಣೀರು ಹಾಕಿದ್ದವರು ಈಗ ತಂದೆ ತಾಯಿಗಳಾಗಿ ಮಕ್ಕಳ ಕೈಹಿಡಿದು ಬರುತ್ತಾರೆ ಎಂಬುದು ಅದರ ಲೆಕ್ಕ; ಜಗತ್ತಿನಾದ್ಯಂತ ಒಂದು ಹೆಸರನ್ನು ಜನರಿಗೆ ಪರಿಚಯಿಸಲು ತಗಲುವ ಭಾರೀ ಪ್ರಚಾರದ ಖರ್ಚಿನ ದೊಡ್ಡ ಭಾಗ ಇಪ್ಪತ್ತೈದು ವರ್ಷಗಳ ಹಿಂದೆಯೇ ಆಗಿಹೋಗಿತ್ತು. ಆ ಚಿತ್ರ 160 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಕನ್ನಡದ ರೀಮೇಕ್ ನೆಚ್ಚಿಕೊಂಡದ್ದು ಇದಕ್ಕೆ ನೇರ ವಿರುದ್ಧವಾದದ್ದನ್ನು. ಉದ್ಯಮದವರು ಮೂಲವನ್ನು ನೋಡಿರಬೇಕು, ಪ್ರೇಕ್ಷಕರು ನೋಡಿರಬಾರದು. ಹಾವೇರಿಯ ಪ್ರೇಕ್ಷಕನಿಗೆ ನಾಗವಲ್ಲಿಯ ಗುಟ್ಟು ಮೊದಲೇ ಗೊತ್ತಿದ್ದರೆ ‘ಆಪ್ತಮಿತ್ರ’ಕ್ಕೆ ಹೋಗಿ ಬೆಚ್ಚಿಬೀಳಲು ಅವನಿಗೆ ಏನೂ ಉಳಿಯುತ್ತಿರಲಿಲ್ಲ.

ಪ್ರೇಕ್ಷಕರ ಈ ಅಪರಿಚಯವನ್ನು ದಶಕಗಳ ಕಾಲ ಕಾಪಾಡಿದ್ದು ಡಬ್ಬಿಂಗ್ ಮೇಲಿದ್ದ ತಡೆ. 1960ರ ದಶಕದಲ್ಲಿ, ಕನ್ನಡ ಚಿತ್ರಗಳು ಬಹುಪಾಲು ಮದರಾಸಿನಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ, ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸಿ ಬಿಡುಗಡೆ ಮಾಡುವುದರ ವಿರುದ್ಧ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರಂಥವರ ಮುಂದಾಳತ್ವದಲ್ಲಿ ಚಳವಳಿ ನಡೆಯಿತು. ಕಡಿಮೆ ಬಂಡವಾಳದ, ಎಳೆಯ ಉದ್ಯಮವೊಂದು ಡಬ್ ಆದ ದೊಡ್ಡ ಚಿತ್ರಗಳ ಎದುರು ನಿಲ್ಲಲಾರದು, ನಮ್ಮ ಕಲಾವಿದರಿಗೂ ತಂತ್ರಜ್ಞರಿಗೂ ಕೆಲಸ ಉಳಿಯದು ಎಂಬ ಆತಂಕ ಅದರ ಹಿಂದೆ ಇತ್ತು, ಆ ಕಾಲಕ್ಕೆ ಅದು ನ್ಯಾಯವಾದ ಆತಂಕವೇ ಆಗಿತ್ತೆಂದು ನಾನು ಭಾವಿಸುತ್ತೇನೆ. ಆದರೆ ಕಾನೂನಿನ ಆಧಾರವಿಲ್ಲದೆ ಉದ್ಯಮದ ಒಪ್ಪಂದವಾಗಿ ಮುಂದುವರಿದ ಈ ತಡೆ, ಯಾರೂ ಎಣಿಸಿರದ ಒಂದು ಫಲವನ್ನು ಕೊಟ್ಟಿತು. ಪಕ್ಕದ ಭಾಷೆಯ ಗೆದ್ದ ಚಿತ್ರ ಕನ್ನಡದ ಮಾತಿನಲ್ಲಿ ಬರುವಂತಿಲ್ಲ ಎಂದಾದ ಮೇಲೆ, ಅದೇ ಚಿತ್ರವನ್ನು ಕನ್ನಡದ ಮುಖಗಳೊಂದಿಗೆ ಮತ್ತೆ ತೆಗೆಯುವವನಿಗೆ ಎದುರಾಳಿಯೇ ಇಲ್ಲದಂತಾಯಿತು. ಗಡಿ ಜಿಲ್ಲೆಗಳನ್ನೂ ಬೆಂಗಳೂರನ್ನೂ ಬಿಟ್ಟರೆ ಮಲಯಾಳಂ ಚಿತ್ರವನ್ನು ಮಲಯಾಳಂನಲ್ಲೇ ನೋಡುವವರು ಎಷ್ಟು ಮಂದಿ? ಸ್ವಂತಿಕೆಯನ್ನು ಉಳಿಸಲು ಕಟ್ಟಿದ ಗೋಡೆ ರೀಮೇಕ್‌ಗೆ ನೆರಳಾಯಿತು. ರಾಜ್ಯ ಸರ್ಕಾರ ಸಹಾಯಧನದ ನಿಯಮಗಳಲ್ಲಿ ರೀಮೇಕ್‌ಗಳನ್ನು ಹೊರಗಿಟ್ಟು ಸ್ವಮೇಕ್ ಚಿತ್ರಗಳ ಪರವಾಗಿ ನಿಂತರೂ, ಆ ನೆರಳಿನ ತಂಪಿನ ಎದುರು ಸಹಾಯಧನದ ಮೊತ್ತ ಚಿಕ್ಕದಾಗಿತ್ತು. ‘ಸ್ವಮೇಕ್’ ಎಂಬ ಪದವನ್ನೇ ನಾವು ಟಂಕಿಸಿಕೊಳ್ಳಬೇಕಾಯಿತು ಎಂಬುದು ರೀಮೇಕ್ ಎಷ್ಟು ಸಹಜವಾಗಿಹೋಗಿತ್ತು ಎಂಬುದಕ್ಕೆ ಸಾಕ್ಷಿ.

ಹಕ್ಕು ಕೊಳ್ಳದೆಯೇ ಕಥೆ ಎತ್ತುವ ‘ಫ್ರೀಮೇಕ್’ ಕೂಡ ನಮ್ಮಲ್ಲಿ ಇತ್ತು. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ, ಬರಿಯ ಆಲೋಚನೆಗೆ ಕೃತಿಸ್ವಾಮ್ಯವಿಲ್ಲ. ಆ ಆಲೋಚನೆಯನ್ನು ಮೂಡಿಸಿದ ರೀತಿಗೆ, ಅದರ ಜೋಡಣೆಗೆ ಮಾತ್ರ ಇದೆ. ಎಳೆಯೊಂದನ್ನು ಎತ್ತಿಕೊಂಡು ತಪ್ಪಿಸಿಕೊಳ್ಳಬಹುದು, ದೃಶ್ಯಕ್ಕೆ ದೃಶ್ಯ ಎತ್ತಿದರೆ ಸಿಕ್ಕಿಬೀಳಬೇಕಾಗುತ್ತದೆ. ಆದರೆ ಪುರಾವೆಯ ಬಲವಿರುವುದು ಎಳೆಯಲ್ಲಲ್ಲ, ದೃಶ್ಯಗಳ ಜೋಡಣೆಯಲ್ಲಿ. ಆದ್ದರಿಂದ ದುಡ್ಡು ದೊಡ್ಡದಾದಂತೆ ಹಕ್ಕನ್ನು ಕಾಗದದ ಮೇಲೆ ಬರೆಸಿಕೊಳ್ಳುವುದು ಅನಿವಾರ್ಯವಾಯಿತು.

ಹಾಗಾದರೆ ಕನ್ನಡ ಚಿತ್ರರಂಗ ಹಿಂದೆ ಪುರಾವೆಯಿಲ್ಲದೆ ಚಿತ್ರ ಮಾಡುತ್ತಿತ್ತೇ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕು. ಆಗ ಪುರಾವೆ ಮನೆಯೊಳಗೇ ಸಿಗುತ್ತಿತ್ತು. ತ್ರಿವೇಣಿಯವರ ‘ಶರಪಂಜರ’, ತ.ರಾ.ಸು. ಅವರ ಕಾದಂಬರಿಗಳಿಂದ ಬಂದ ‘ನಾಗರಹಾವು’, ಟಿ.ಕೆ. ರಾಮರಾಯರ ‘ಬಂಗಾರದ ಮನುಷ್ಯ’, ಇವು 1970ರ ದಶಕದ ಆರಂಭದಲ್ಲಿ ತೆರೆಗೆ ಬರುವ ಮೊದಲೇ ಓದುಗರ ಮನಸ್ಸನ್ನು ಗೆದ್ದಿದ್ದ ಕಥೆಗಳು. ವಾರಪತ್ರಿಕೆಯ ಧಾರಾವಾಹಿಗಾಗಿ ಜನ ಕಾಯುತ್ತಿದ್ದ, ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಒಂದು ಕಾದಂಬರಿಯ ಪ್ರತಿ ಹಾಳೆ ಸವೆಯುವವರೆಗೆ ಕೈಯಿಂದ ಕೈಗೆ ಹೋಗುತ್ತಿದ್ದ ಕಾಲದಲ್ಲಿ, ಯಾವ ಕಥೆ ಹೆಂಗಸರನ್ನು ಹಿಡಿದಿಟ್ಟಿದೆ ಎಂದು ತಿಳಿಯಲು ನಿರ್ಮಾಪಕ ಕೊಚ್ಚಿಗೆ ಹೋಗಬೇಕಾಗಿರಲಿಲ್ಲ. ಎಚ್.ಜಿ. ರಾಧಾದೇವಿಯವರ ಕಾದಂಬರಿಯಿಂದ ಎಂ.ಎಸ್. ರಾಜಶೇಖರ್ 1986ರಲ್ಲಿ ‘ಅನುರಾಗ ಅರಳಿತು’ ಮಾಡಿದರು. ರಾಜ್‌ಕುಮಾರ್ ಮತ್ತು ಮಾಧವಿ ನಟಿಸಿದ ಆ ಚಿತ್ರವನ್ನು ಅಕ್ಕಪಕ್ಕದವರು ಕೊಂಡರು. 1992ರಲ್ಲಿ ತೆಲುಗಿನಲ್ಲಿ ಚಿರಂಜೀವಿಯವರ ‘ಘರಾನಾ ಮೊಗುಡು’, ತಮಿಳಿನಲ್ಲಿ ರಜನಿಕಾಂತ್ ಅವರ ‘ಮನ್ನನ್’, 1994ರಲ್ಲಿ ಹಿಂದಿಯ ‘ಲಾಡ್ಲಾ’ ಬಂದವು. ‘ಮನ್ನನ್’ ನಿರ್ದೇಶಿಸಿದವರು ಪಿ. ವಾಸು. ಕನ್ನಡದ ಕಾದಂಬರಿಯಿಂದ ಹುಟ್ಟಿದ ಕಥೆಯನ್ನು ತಮಿಳಿಗೆ ಒಯ್ದ ಅದೇ ವಾಸು, ಹನ್ನೆರಡು ವರ್ಷಗಳ ನಂತರ ಮಲಯಾಳಂನ ಕಥೆಯನ್ನು ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ತಂದರು, ಮರುವರ್ಷ ಅದನ್ನೇ ‘ಚಂದ್ರಮುಖಿ’ ಎಂದು ರಜನಿಕಾಂತ್ ಅವರಿಗೆ ಮಾಡಿದರು, ಮುಂದೆ ‘ದೃಶ್ಯ’ವನ್ನೂ ಅವರೇ ನಿರ್ದೇಶಿಸಿದರು. ನಮ್ಮ ಕಥೆಗಳು ಎಂದೂ ಹೊರಗೆ ಹೋಗುವಷ್ಟು ಗಟ್ಟಿಯಾಗಿರಲಿಲ್ಲ ಎಂಬ ಮಾತು ಎಷ್ಟು ಸುಳ್ಳೆಂಬುದು ಈ ಒಬ್ಬ ನಿರ್ದೇಶಕರ ಓಡಾಟದಲ್ಲೇ ಕಾಣುತ್ತದೆ. ಟಿ.ವಿ. ಬಂದು ಧಾರಾವಾಹಿ ಕಾದಂಬರಿಯ ಓದು ಕುಗ್ಗಿತು, ಅದರೊಂದಿಗೆ ಮನೆಯೊಳಗಿನ ಪುರಾವೆಯೂ ಕಡಿಮೆಯಾಯಿತು. ಆಗ ನಿರ್ಮಾಪಕ ಪಕ್ಕದ ಮನೆಯತ್ತ ನೋಡಿದ ಎಂದು ನನ್ನ ತಿಳಿವಳಿಕೆ.

ರೀಮೇಕ್ ಮಾಡುವುದು ಸುಲಭದ ಕೆಲಸವೆಂದು ಇಲ್ಲಿ ಹೇಳುತ್ತಿಲ್ಲ. ‘ನಮ್ಮ ನೇಟಿವಿಟಿಗೆ ತಕ್ಕಂತೆ ಬದಲಾಯಿಸಿದ್ದೇವೆ’ ಎಂಬ, ಪತ್ರಿಕಾಗೋಷ್ಠಿಗಳಲ್ಲಿ ಸವೆದುಹೋದ ವಾಕ್ಯದ ಹಿಂದೆ ಕೆಲವೊಮ್ಮೆ ನಿಜವಾದ ಕಸುಬು ಇರುತ್ತದೆ. ‘ಮಣಿಚಿತ್ರತಾಳ್’ನಲ್ಲಿ ಮೋಹನ್‌ಲಾಲ್ ಅವರ ಮನೋವೈದ್ಯನ ಪಾತ್ರ ಕಾಲಿಡುವ ಹೊತ್ತಿಗೆ ಚಿತ್ರ ಅರ್ಧದ ಹತ್ತಿರ ಬಂದಿರುತ್ತದೆ, ವಿಷ್ಣುವರ್ಧನ್ ಅವರನ್ನು ನೋಡಲು ಬಂದ ಪ್ರೇಕ್ಷಕನನ್ನು ಅಷ್ಟು ಹೊತ್ತು ಕಾಯಿಸುವ ಧೈರ್ಯ ಕನ್ನಡದಲ್ಲಿ ಇರಲಿಲ್ಲವಾದ್ದರಿಂದ ಅವರ ಪ್ರವೇಶ ಮುಂಚಿತವಾಯಿತು, ಆ ಬದಲಾವಣೆಯಿಂದ ಕಥೆಯ ತೂಕ ಹೆಣ್ಣಿನ ಮನಸ್ಸಿನಿಂದ ನಾಯಕನ ಚತುರತೆಯತ್ತ ವಾಲಿತು. ಮಲಯಾಳಂ ‘ದೃಶ್ಯಂ’ನ ನಾಯಕ ಜಾರ್ಜ್‌ಕುಟ್ಟಿ ಕನ್ನಡದ ‘ದೃಶ್ಯ’ದಲ್ಲಿ ರಾಜೇಂದ್ರ ಪೊನ್ನಪ್ಪನಾದ. ಇಂಥ ನಿರ್ಧಾರಗಳನ್ನು ತೆಗೆದುಕೊಳ್ಳುವವನಿಗೆ ತನ್ನ ನೆಲ ಚೆನ್ನಾಗಿ ಗೊತ್ತಿರಬೇಕು.

ನನ್ನನ್ನು ನೋಯಿಸುವುದು ಬೇರೆ ಸಂಗತಿ. ರೀಮೇಕ್ ಹಕ್ಕಿಗೆ ಕೊಡುವ ಹಣ ಗೆದ್ದ ಕಥೆಯ ಬೆಲೆ. ಅದು ಗೆದ್ದವರಿಗೆ, ಹೆಚ್ಚಾಗಿ ಅವರ ನಿರ್ಮಾಪಕರಿಗೆ ಹೋಗುತ್ತದೆ. ಇನ್ನೂ ಗೆಲ್ಲದ ಕಥೆಯನ್ನು ಬರೆಯುತ್ತಾ ಒಂದು ವರ್ಷ ಕುಳಿತುಕೊಳ್ಳುವ ಕನ್ನಡದ ಬರಹಗಾರನಿಗೆ ಆ ವರ್ಷದ ಅನ್ನಕ್ಕೆ ದುಡ್ಡು ಕೊಡುವ ವ್ಯವಸ್ಥೆ ಬೆಳೆಯಲೇ ಇಲ್ಲ. ಹಾಡಿಗೆ, ಕ್ಯಾಮೆರಾಕ್ಕೆ, ಫೈಟ್ ಮಾಸ್ಟರ್‌ಗೆ ಬಜೆಟ್‌ನಲ್ಲಿ ಒಂದೊಂದು ಸಾಲು ಇರುತ್ತದೆ. ಬರೆದು, ಹರಿದು, ಮತ್ತೆ ಬರೆಯುವುದಕ್ಕೆ ಸಾಲು ಇರುವುದಿಲ್ಲ, ಏಕೆಂದರೆ ಆ ಕೆಲಸ ಮುಗಿದುಬಂದ ಸರಕನ್ನೇ ಪಕ್ಕದೂರಿನಿಂದ ತರುವ ದಾರಿ ಇತ್ತು. ಒಂದು ತಲೆಮಾರಿನ ಚಿತ್ರಕಥೆಗಾರರು ಹೀಗೆ ಸಂಭಾಷಣೆಕಾರರಾಗಿಯೇ ಉಳಿದರು. ಪರರು ಕಟ್ಟಿದ ಮನೆಗೆ ಸುಣ್ಣ ಬಣ್ಣ ಮಾಡುವುದರಲ್ಲಿ ಪಳಗಿದ ಕೈಗೆ ಪಾಯ ತೋಡುವ ಅಭ್ಯಾಸ ಸಿಗಲಿಲ್ಲ, ಮತ್ತು ಪಾಯ ತೋಡುವವರೇ ಇಲ್ಲ ಎಂಬುದು ಮುಂದಿನ ರೀಮೇಕ್‌ಗೆ ಸಮರ್ಥನೆಯಾಯಿತು.

ಈ ಲೆಕ್ಕಾಚಾರ ಕಳೆದ ಹತ್ತು ವರ್ಷಗಳಲ್ಲಿ ತಲೆಕೆಳಗಾಗಿದೆ. ಕನ್ನಡ ಗ್ರಾಹಕರ ಕೂಟ ಸಲ್ಲಿಸಿದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧವಾದ ನಡವಳಿಕೆಯೆಂದು ಆದೇಶ ನೀಡಿತು. 2017ರಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ಚಿತ್ರಮಂದಿರಕ್ಕೆ ಬಂದಿತು. ಅದರ ಹಿಂದೆಯೇ ಒಟಿಟಿ ಮನೆಮನೆಗೂ ತಲುಪಿತು, 2020ರ ಲಾಕ್‌ಡೌನ್ ತಿಂಗಳುಗಳಲ್ಲಿ ಉಪಶೀರ್ಷಿಕೆ ಓದಿಕೊಂಡು ಮಲಯಾಳಂ ಸಿನಿಮಾ ನೋಡುವುದು ಸಣ್ಣ ಊರುಗಳಲ್ಲಿಯೂ ಅಭ್ಯಾಸವಾಯಿತು. ಪ್ರೇಕ್ಷಕರ ಅಪರಿಚಯ ಎಂಬ ಆಸ್ತಿ ಹೀಗೆ ಕರಗಿಹೋಯಿತು. ಹಿಂದಿಯಲ್ಲಿಯೂ ಇದೇ ನಡೆಯಿತು: 2022ರಲ್ಲಿ ಬಂದ ‘ಜರ್ಸಿ’ ಮತ್ತು ‘ವಿಕ್ರಮ್ ವೇದ’ ರೀಮೇಕ್‌ಗಳು, ದೊಡ್ಡ ತಾರೆಯರಿದ್ದೂ, ನಿರೀಕ್ಷೆ ಮುಟ್ಟಲಿಲ್ಲ. ಇದು ಕಟ್ಟುನಿಟ್ಟಿನ ನಿಯಮವೇನಲ್ಲ. ಅದೇ ವರ್ಷದ ಹಿಂದಿ ‘ದೃಶ್ಯಂ 2’, ಮಲಯಾಳಂ ಮೂಲ ಒಟಿಟಿಯಲ್ಲಿ ಬಂದು ವರ್ಷ ಕಳೆದಿದ್ದರೂ, ದೊಡ್ಡದಾಗಿಯೇ ಗೆದ್ದಿತು. ಅಲ್ಲಿ ಹಾಲಿವುಡ್ಡಿನ ಲೆಕ್ಕ ಕೆಲಸ ಮಾಡಿತೆಂದು ನನಗನಿಸುತ್ತದೆ. ಮೊದಲ ಭಾಗದ ಹಿಂದಿ ಕುಟುಂಬವನ್ನೇ ಮತ್ತೆ ನೋಡಬೇಕೆಂದು ಜನ ಬಂದರು.

ಕಥೆ ಹೊರಗೆ ಹೋಗುವ ದಾರಿಯೂ ಬದಲಾಗಿದೆ. ‘ಅಪ್ಪು’, ‘ಜೋಗಿ’, ‘ಮುಂಗಾರು ಮಳೆ’, ‘ಕಿರಿಕ್ ಪಾರ್ಟಿ’ ಬೇರೆ ಭಾಷೆಗಳಲ್ಲಿ ಬೇರೆ ಮುಖಗಳನ್ನು ಹೊತ್ತು ಮರುಹುಟ್ಟು ಪಡೆದವು. ‘ಕೆಜಿಎಫ್’ 2018ರಲ್ಲಿ, ‘ಕಾಂತಾರ’ 2022ರಲ್ಲಿ ತಮ್ಮ ಮುಖ, ತಮ್ಮ ನೆಲ ಯಾವುದನ್ನೂ ಬಿಟ್ಟುಕೊಡದೆ, ಮಾತನ್ನು ಮಾತ್ರ ಬದಲಿಸಿಕೊಂಡು ಹೋದವು. ‘ಕಾಂತಾರ’ದ ಭೂತಕೋಲವನ್ನು ಇನ್ನೊಂದು ಭಾಷೆಯ ನಟನಿಗೆ, ಇನ್ನೊಂದು ಊರಿಗೆ ಹೊಂದಿಸುವುದು ಹೇಗೆ ಎಂದು ಯಾರಾದರೂ ಒಂದು ಕ್ಷಣ ಯೋಚಿಸಿದರೆ, ರೀಮೇಕ್ ದಾರಿಯಲ್ಲಿ ಹೋಗಿದ್ದರೆ ಆ ಚಿತ್ರದಿಂದ ಏನು ಕಳಚಿಬೀಳುತ್ತಿತ್ತೆಂದು ತಿಳಿಯುತ್ತದೆ.

ಪುರಾವೆಯ ಹಸಿವು ಮಾತ್ರ ಇಂಗಿಲ್ಲ. ಅದನ್ನು ತಣಿಸಲು ಕೆಲವರು ಹೊಸ ದಾರಿ ಹುಡುಕಿದ್ದಾರೆ. ಪವನ್ ಕುಮಾರ್ ‘ಲೂಸಿಯಾ’ಕ್ಕೆ ನಿರ್ಮಾಪಕರು ಸಿಗದಿದ್ದಾಗ ಪ್ರೇಕ್ಷಕರನ್ನೇ ನೇರವಾಗಿ ಕೇಳಿ ಸುಮಾರು ಅರ್ಧ ಕೋಟಿ ರೂಪಾಯಿ ಕೂಡಿಸಿದರು, 2013ರಲ್ಲಿ ಆ ಚಿತ್ರ ಗೆದ್ದ ಮೇಲೆ, ಎರಡೇ ವರ್ಷದಲ್ಲಿ ತಮಿಳಿನವರು ಅದರ ಹಕ್ಕು ಕೊಂಡು ರೀಮೇಕ್ ಮಾಡಿದರು. ‘777 ಚಾರ್ಲಿ’ ತಂಡ 2022ರಲ್ಲಿ ಬಿಡುಗಡೆಗೆ ಮುನ್ನವೇ ದೇಶದ ಹಲವು ನಗರಗಳಲ್ಲಿ ಪ್ರೀಮಿಯರ್ ನಡೆಸಿ, ನೋಡಿದವರ ಮಾತನ್ನೇ ಪುರಾವೆಯಾಗಿಸಿಕೊಂಡಿತು. 2025ರಲ್ಲಿ ಕರಾವಳಿಯ ಹಳ್ಳಿಯೊಂದರ ಕಥೆಯುಳ್ಳ ಸಣ್ಣ ಬಜೆಟ್‌ನ ‘ಸು ಫ್ರಮ್ ಸೋ’ ಕನ್ನಡದಲ್ಲಿ ಗೆದ್ದ ಕೆಲವೇ ದಿನಗಳಲ್ಲಿ ಮಲಯಾಳಂಗೆ ಡಬ್ ಆಗಿ ಕೇರಳದ ಚಿತ್ರಮಂದಿರಗಳಿಗೆ ಹೋಯಿತು. ಹತ್ತು ವರ್ಷಗಳ ಹಿಂದಾಗಿದ್ದರೆ ಅದರ ಹಕ್ಕಿಗಾಗಿ ಮೂರು ಭಾಷೆಯವರು ಬಂದು ಕುಳಿತಿರುತ್ತಿದ್ದರು. ದೊಡ್ಡ ಬಂಡವಾಳದವರು ಈಗ ಪುರಾವೆಯನ್ನು ತಮ್ಮದೇ ಹಿಂದಿನ ಗೆಲುವಿನಲ್ಲಿ ಹುಡುಕುತ್ತಿದ್ದಾರೆ. 2022ರಲ್ಲಿ ‘ಕೆಜಿಎಫ್’ನ ಎರಡನೆಯ ಭಾಗ ಬಂದಿತು, 2025ರ ಅಕ್ಟೋಬರಿನಲ್ಲಿ ‘ಕಾಂತಾರ’ದ ಹಿಂದಿನ ಕಥೆ ‘ಅಧ್ಯಾಯ 1’ ಆಗಿ ತೆರೆಕಂಡಿತು. ಫೈನಾನ್ಷಿಯರ್ ಎದುರು ಕುಳಿತ ನಿರ್ಮಾಪಕ ಹಿಂದೆ ಕೇರಳದ ಡಿ.ವಿ.ಡಿ. ಇಡುತ್ತಿದ್ದ ಜಾಗದಲ್ಲಿ ಇಂದು ತನ್ನದೇ ಹಳೆಯ ಚಿತ್ರದ ಹೆಸರನ್ನೂ ಅದರ ಮುಂದೆ ಒಂದು ಸಂಖ್ಯೆಯನ್ನೂ ಇಡುತ್ತಿದ್ದಾನೆ. ಇನ್ನೂ ಯಾವ ಹೆಸರನ್ನೂ ಗಳಿಸದ ಬರಹಗಾರ, ತನ್ನ ಎಳೆಯನ್ನು ಹಿಡಿದುಕೊಂಡು, ಅದೇ ಕೋಣೆಯ ಹೊರಗೆ ಕಾಯುತ್ತಿದ್ದಾನೆ.